ಕುಂತಿಬೆಟ್ಟದ ಬುಡದಲ್ಲಿ ಒಂದು ಚಳಿರಾತ್ರಿ

ನಾಗಮಂಗಲದಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಜಕ್ಕನಹಳ್ಳಿ ಬರುವ ಮುಂಚೆಯೇ ಕಿಟಕಿ ಮುಚ್ಚಬೇಕೆನಿಸಿದರೆ ಡಿಸೆಂಬರ್ ಬಂತೆಂದು ಅರ್ಥ. ಮೇಲುಕೋಟೆಯ ಬೆಟ್ಟಗಳ ಕಡೆಯಿಂದ ಬೀಸುವ ಗಾಳಿ ಕಿವಿಗೆ ಹೊಡೆಯುತ್ತದೆ. ಮಂಡ್ಯ ಜಿಲ್ಲೆಯ ಚಳಿಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಊಟಿಯಲ್ಲವಲ್ಲ, ಕೊಡಗಲ್ಲವಲ್ಲ ಎನ್ನುತ್ತಾರೆ. ಆದರೆ ಗದ್ದೆಬಯಲಿನಲ್ಲಿ, ಕಾಲುವೆಯ ಪಕ್ಕದಲ್ಲಿ, ಮೇಲೆ ಸೂರಿಲ್ಲದೆ ಒಂದು ರಾತ್ರಿ ಮಲಗಿ ನೋಡಿದವರಿಗೆ ಮಾತ್ರ ಇಲ್ಲಿನ 14, 15 ಡಿಗ್ರಿ ಎಂದರೆ ಏನೆಂದು ಗೊತ್ತಾಗುತ್ತದೆ. ಮುಂಜಾವಿನ ಮಂಜು ಬಟ್ಟೆಯೊಳಗೇ ಇಳಿಯುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಮನೆಯವರೆಲ್ಲ ಅಂಥದೊಂದು ರಾತ್ರಿಯನ್ನು ಕುಂತಿಬೆಟ್ಟದ ಬುಡದಲ್ಲಿ ಕಳೆದೆವು. ಅಮ್ಮಿ, ಆಪಾ, ಭಾಯಿಜಾನ್, ಭಾಭಿ, ಮಕ್ಕಳು, ನಾನು, ಒಟ್ಟು ಒಂಬತ್ತು ಮಂದಿ, ಮೂರು ಡೇರೆ. ಬೆಟ್ಟದ ಮೇಲೆಯೇ ತಂಗಬೇಕೆಂದು ಮಕ್ಕಳ ಹಟ. ಬೇಡವೆಂದೆವು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಬೆಟ್ಟದಲ್ಲಿ ಉಳಿಯುವುದು ತಪ್ಪು, ಚಿರತೆಗಳೂ ಇರುವ ಸೀಮೆ. ಅದಕ್ಕಿಂತ ಮುಖ್ಯವಾಗಿ ಹೆಂಗಸರಿಗೆ ಬಚ್ಚಲು, ನೀರು ಬೇಕು. ಭಾಯಿಜಾನರ ಬಾಲ್ಯದ ಗೆಳೆಯರಾದ ಗೌಡರೊಬ್ಬರ ತೋಟ ಬೆಟ್ಟಕ್ಕೆ ಒಂದು ಕೂಗಳತೆಯಲ್ಲಿದೆ. ತೆಂಗಿನ ಸಾಲು, ಅದರಾಚೆ ಕಬ್ಬು, ಪಕ್ಕದಲ್ಲಿ ಆಲೆಮನೆ. ಬೆಟ್ಟ ಹತ್ತುವುದು ಬೆಳಿಗ್ಗೆ ಬಿಸಿಲು ಬಂದ ಮೇಲೆ ಎಂದು ತೀರ್ಮಾನವಾಯಿತು.

ಪಾಂಡವಪುರಕ್ಕೂ ಡೇರೆಗಳಿಗೂ ಹಳೆಯ ನಂಟಿದೆ. ಇದರ ಮೂಲ ಹೆಸರು ಹಿರೋಡೆ. ಹೈದರಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗುಡ್ಡಗಳ ಬಳಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಊರನ್ನೇ ‘ಫ್ರೆಂಚ್ ರಾಕ್ಸ್’ ಎಂದು ಕರೆದರು. ಪಾಂಡವರು ತಾಯಿ ಕುಂತಿಯೊಂದಿಗೆ ವನವಾಸದಲ್ಲಿ ಇಲ್ಲಿದ್ದರೆಂಬ ಸ್ಥಳೀಯರ ನಂಬಿಕೆಯಿಂದ ಪಾಂಡವಪುರವೆಂಬ ಹೆಸರು ನಿಂತಿದೆ. ಹತ್ತಿರದ ತೊಣ್ಣೂರು ಕೆರೆಯ ತಿಳಿನೀರನ್ನು ನೋಡಿ ನಾಸಿರ್ ಜಂಗ್ 1746ರಲ್ಲಿ ಅದನ್ನು ‘ಮೋತಿ ತಲಾಬ್’, ಮುತ್ತಿನ ಕೆರೆ, ಎಂದು ಕರೆದನಂತೆ. ದಂಡು, ಡೇರೆ, ಕುದುರೆ, ಒಂಟೆ ಎಲ್ಲವನ್ನೂ ಕಂಡ ನೆಲವಿದು.

ಟಿಪ್ಪುವಿನದೆಂದು ಹೇಳಲಾಗುವ ಒಂದು ಡೇರೆ ಈಗಲೂ ಉಳಿದಿದೆ. ಆದರೆ ಇಲ್ಲಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಆಗ ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವ್‌ನ ಕುಟುಂಬದ ಪಾಲಾಗಿ, ಬ್ರಿಟನ್ನಿನ ವೇಲ್ಸ್ ಪ್ರಾಂತದ ಪೊವಿಸ್ ಕೋಟೆಯನ್ನು ಸೇರಿತು. ಹೂದಾನಿಗಳ ಚಿತ್ತಾರವಿರುವ ಹತ್ತಿಬಟ್ಟೆಯ ಡೇರೆ. ಟಿಪ್ಪುವಿಗಿಂತ ಹಿಂದಿನ ಮೊಗಲರ ಕಾಲದ ನೇಯ್ಗೆ ಎನ್ನುತ್ತಾರೆ ತಿಳಿದವರು. ಕ್ಲೈವ್ ಮನೆತನದವರು ಅದನ್ನು ತೋಟದ ಔತಣಗಳಿಗೆ ಬಳಸಿದರಂತೆ. 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿ ಅದನ್ನು ನಿಲ್ಲಿಸಿದ್ದರು. ಅದರ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ನನ್ನ ಮಗಳು “ನಮ್ಮ ಊರಿನ ಡೇರೆ ಅಲ್ಲಿಗೇಕೆ ಹೋಯಿತು?” ಎಂದು ಕೇಳಿದ್ದಳು. ಉತ್ತರ ಹೇಳಲು ಹೋದರೆ ಇತಿಹಾಸದ ಒಂದು ಪೂರ್ತಿ ಪಾಠವೇ ಆಗುತ್ತದೆ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಈ ಪ್ರವಾಸದ ನಿಜವಾದ ಸಿದ್ಧತೆ ಡೇರೆಯದಲ್ಲ, ಮಲಗುಚೀಲದ್ದು. ಮಕ್ಕಳ ಭಾಷೆಯಲ್ಲಿ ಸ್ಲೀಪಿಂಗ್ ಬ್ಯಾಗ್. ಅದರ ಹಿಂದೆ ಆಪಾಳ ಕಥೆಯಿದೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಚಿಕ್ಕಮಗಳೂರಿನ ಕಡೆ ಹೀಗೆಯೇ ಒಂದು ರಾತ್ರಿ ಡೇರೆಯಲ್ಲಿ ತಂಗಿದ್ದೆವು. ಚೀಲಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಭುಜದ ಬಳಿ ಅಗಲ, ಕಾಲಿನ ಕಡೆ ಸಪೂರ, ತಲೆಗೆ ಟೊಪ್ಪಿಗೆ, ಕುತ್ತಿಗೆಗೆ ಬಿಗಿಯುವ ದಾರ. ಈಜಿಪ್ಟಿನ ಮಮ್ಮಿಯಂತೆ ಕಾಣುವುದರಿಂದ ಇದಕ್ಕೆ ‘ಮಮ್ಮಿ’ ಚೀಲ ಎಂದೇ ಹೆಸರು. ರಾತ್ರಿ ಎರಡು ಗಂಟೆಗೆ ಆಪಾಳ ಕೂಗು ಕೇಳಿ ಎದ್ದೆವು. ಜಿಪ್ ಒಳಗಿನ ಬಟ್ಟೆಗೆ ಕಚ್ಚಿಕೊಂಡಿತ್ತು. ಅವಳು ಮೀನಿನಂತೆ ಒದ್ದಾಡುತ್ತಿದ್ದಳು. ಬಿಡಿಸಿ ಹೊರತೆಗೆದಾಗ ಮೈಯೆಲ್ಲ ಬೆವರು. ಆ ಚಳಿಯಲ್ಲಿ ಬೆವರು! ಮತ್ತೆ ಒಳಗೆ ಹೋಗಲೊಪ್ಪದೆ ಫಜ್ರ್‌ನವರೆಗೂ ಜೀಪಿನಲ್ಲಿ ಶಾಲು ಹೊದ್ದು ಕುಳಿತಿದ್ದಳು. ನಾವು ಮರುದಿನ ನಕ್ಕೆವು, ಆ ನಗುವನ್ನು ನೆನೆದರೆ ಈಗಲೂ ನನಗೆ ನಾಚಿಕೆ. 2021ರ ಮೇ ತಿಂಗಳಲ್ಲಿ ಕೊರೋನಾ ಬಂದು ಅವಳು ಹನ್ನೊಂದು ದಿನ ಆಮ್ಲಜನಕದ ಮುಖವಾಡ ಬಿಗಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು. ಪಕ್ಕದ ಹಾಸಿಗೆಯವರು ಒಬ್ಬೊಬ್ಬರಾಗಿ ಹೋಗುತ್ತಿದ್ದುದನ್ನು ನೋಡಿದ್ದಳು. ಅಂದಿನಿಂದ ಮುಖದ ಮೇಲೆ, ಎದೆಯ ಮೇಲೆ ಬಿಗಿಯಾದದ್ದು ಏನು ಬಿದ್ದರೂ ಅವಳಿಗೆ ಉಸಿರು ನಿಂತಂತಾಗುತ್ತದೆ. ಇದನ್ನು ಅವಳು ನಮಗೆ ಹೇಳಿದ್ದು ಆ ಚಿಕ್ಕಮಗಳೂರಿನ ರಾತ್ರಿಯ ಎಷ್ಟೋ ತಿಂಗಳ ನಂತರ.

“ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರುತ್ತೇನೆ” ಎಂದಳು ಈ ಸಲ. ಚಿಕ್ಕಂದಿನಲ್ಲಿ ಮಹಡಿಯ ಮೇಲೆ ಮಲಗಿ ನಕ್ಷತ್ರ ಎಣಿಸಲು ನನಗೆ ಕಲಿಸಿದವಳೇ ಅವಳು. ಅವಳನ್ನು ಬಿಟ್ಟು ಹೋಗುವುದಿಲ್ಲವೆಂದು ನಾನು ಹಟ ಹಿಡಿದೆ. ಅವಳಿಗೆ ಹೊಂದುವ ಅಗಲವಾದ ಚೀಲ ಹುಡುಕುವ ಹೊಣೆ ಹೀಗೆ ನನ್ನ ತಲೆಗೆ ಬಂತು.

ಅಂಗಡಿಯವರು ಮೊದಲು ಹೇಳುವುದು ‘ಫ್ರೀ ಸೈಜ್’ ಎಂದು. ನಂಬಬೇಡಿ. ಟೇಪು ತೆಗೆದುಕೊಂಡೇ ಹೋಗಿ. ಸ್ವೆಟರ್ ತೊಟ್ಟು, ಕೈಗಳನ್ನು ಎದೆಯ ಮೇಲೆ ಸಡಿಲವಾಗಿ ಮಡಚಿ, ಭುಜದ ಸುತ್ತಳತೆ ತೆಗೆಯಬೇಕು. ನಂತರ ಸೊಂಟದ ಸುತ್ತಳತೆ. ಚೀಲದ ಒಳಸುತ್ತಳತೆ ಇವೆರಡಕ್ಕಿಂತಲೂ ಕನಿಷ್ಠ ಒಂದು ಗೇಣು ಹೆಚ್ಚಿರಬೇಕು. ಹೆಂಗಸರಿಗೆ ಸೊಂಟದ ಅಳತೆಯೇ ಮುಖ್ಯ, ಏಕೆಂದರೆ ಮಮ್ಮಿ ಚೀಲ ಸಪೂರವಾಗತೊಡಗುವುದೇ ಅಲ್ಲಿಂದ. ಮಂಡಿ ಮಡಚಿ ಬಲಮಗ್ಗುಲಾಗಿ ಮಲಗುವ ಅಭ್ಯಾಸವಿರುವ ನಮಗೆ ಅದರಲ್ಲಿ ಹೊರಳುವುದೇ ಕಷ್ಟ. ಚೀಲದೊಳಗೆ ನಾವು ಹೊರಳುವುದಿಲ್ಲ, ನಮ್ಮ ಜೊತೆ ಚೀಲವೇ ಹೊರಳುತ್ತದೆ!

ಆಯತಾಕಾರದ ಚೀಲ ತಲೆಯಿಂದ ಕಾಲಿನವರೆಗೂ ಒಂದೇ ಅಗಲ. ಜಿಪ್ ಪೂರ್ತಿ ಬಿಚ್ಚಿದರೆ ರಜಾಯಿಯಂತೆ ಹರಡಿಕೊಳ್ಳಬಹುದು. ಇವೆರಡರ ನಡುವಿನದೂ ಒಂದಿದೆ, ಕಾಲಿನ ಕಡೆ ಸ್ವಲ್ಪವೇ ಕಿರಿದಾಗುವಂಥದು. ಹಾಗಾದರೆ ಎಲ್ಲರೂ ಅತಿ ಅಗಲದ್ದನ್ನೇ ಕೊಳ್ಳಬಾರದೇಕೆ? ಚೀಲ ತಾನಾಗಿ ಶಾಖ ಕೊಡುವುದಿಲ್ಲ. ನಮ್ಮ ಮೈಯ ಶಾಖವನ್ನು ಹಿಡಿದಿಡುತ್ತದೆ, ಅಷ್ಟೇ. ಒಳಗೆ ಖಾಲಿ ಜಾಗ ಹೆಚ್ಚಿದಷ್ಟೂ ಅಲ್ಲಿನ ಗಾಳಿಯನ್ನೆಲ್ಲ ನಮ್ಮ ಮೈಯೇ ಬಿಸಿ ಮಾಡಬೇಕು. ಹಾಗೆಂದು ತೀರ ಬಿಗಿಯಾದರೆ ಒಳಗಿನ ತುಂಬುವಸ್ತು ಅದುಮಿಹೋಗಿ, ಅದುಮಿದ ಕಡೆಯೆಲ್ಲ ಚಳಿ ಹೊಕ್ಕುತ್ತದೆ. ಹಿಮಾಲಯಕ್ಕೆ ಹೋಗುವವರು ಮಮ್ಮಿ ಚೀಲವನ್ನೇ ಆರಿಸುವುದು ಇದಕ್ಕೆ, ಅಲ್ಲಿ ಪ್ರಾಣದ ಪ್ರಶ್ನೆ. ನಮ್ಮ ಮಂಡ್ಯದ ಚಳಿಗೆ ಅದು ಬೇಕಿಲ್ಲ. ಇಲ್ಲಿ ಅಗಲ ಆರಿಸಿಕೊಂಡು, ಉಳಿದ ಜಾಗಕ್ಕೆ, ವಿಶೇಷವಾಗಿ ಕಾಲಿನ ಬಳಿ, ಒಂದು ಶಾಲನ್ನೋ ಮರುದಿನ ತೊಡುವ ಬಟ್ಟೆಯನ್ನೋ ತುರುಕಿದರೆ ಸಾಕು. ಬೆಳಿಗ್ಗೆ ಬಟ್ಟೆಯೂ ಬೆಚ್ಚಗಿರುತ್ತದೆ. ತಲೆಗೆ ಟೊಪ್ಪಿಗೆ ಇಲ್ಲವಲ್ಲ ಎಂದರೆ, ನಮಗೆ ಸ್ಕಾರ್ಫ್ ಹೇಗೂ ಇದ್ದೇ ಇದೆ. ರಾತ್ರಿಗೆ ಉಣ್ಣೆಯದೊಂದು ಕಟ್ಟಿಕೊಂಡರಾಯಿತು. ಮುಖವನ್ನು ಮಾತ್ರ ಒಳಗೆ ಎಳೆದುಕೊಳ್ಳಬಾರದು. ಉಸಿರಿನ ಪಸೆಗೆ ಚೀಲ ಒಳಗಿನಿಂದಲೇ ಒದ್ದೆಯಾಗುತ್ತದೆ. ಈ ಮಾತು ಕೇಳಿ ಆಪಾಳಿಗೆ ಅರ್ಧ ಸಮಾಧಾನವಾಯಿತು.

ಚೀಲದ ಮೇಲೆ ಬರೆದಿರುವ ಡಿಗ್ರಿಯ ವಿಷಯ ನನಗೆ ಹೊಸದು, ಓದಿದಾಗ ಕೋಪವೂ ಬಂತು. ಐರೋಪ್ಯ ದೇಶಗಳಲ್ಲಿ ಇದಕ್ಕೆ ಇಎನ್ 13537 ಎಂಬ ಮಾನದಂಡವಿತ್ತು. 2016ರಿಂದ ಐಎಸ್‌ಒ 23537 ಬಂದಿದೆ. ಬಿಸಿ ಮಾಡಿದ ಬೊಂಬೆಯನ್ನು ಚೀಲದೊಳಗೆ ಮಲಗಿಸಿ ಅಳೆಯುತ್ತಾರೆ. ಮೂರು ಸಂಖ್ಯೆಗಳು: ‘ಕಂಫರ್ಟ್’ ಎಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಆರಾಮವಾಗಿ ಮೈಚೆಲ್ಲಿ ಮಲಗಬಹುದಾದ ಚಳಿ. ‘ಲಿಮಿಟ್’ ಎಂದರೆ ಸಾಧಾರಣ ಮೈಕಟ್ಟಿನ ಗಂಡಸು ಮುದುಡಿಕೊಂಡು ಮಲಗಿ ತಡೆಯಬಹುದಾದ ಚಳಿ. ‘ಎಕ್ಸ್‌ಟ್ರೀಮ್’ ಎಂದರೆ ಪ್ರಾಣ ಉಳಿದೀತು, ನಿದ್ರೆ ಅಲ್ಲ. ನಮ್ಮ ಪೇಟೆಯ ಎಷ್ಟೋ ಚೀಲಗಳ ಮೇಲೆ ಒಂದೇ ಸಂಖ್ಯೆಯನ್ನು ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಅದು ಯಾವುದೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಹೆಂಗಸರು ನೋಡಬೇಕಾದದ್ದು ‘ಕಂಫರ್ಟ್’ ಮಾತ್ರ. ಬರೆದಿಲ್ಲದಿದ್ದರೆ ಮುದ್ರಿತ ಸಂಖ್ಯೆಗೆ ಐದಾರು ಡಿಗ್ರಿ ಕೂಡಿಸಿಕೊಂಡು ಲೆಕ್ಕ ಹಾಕುವುದು ಕ್ಷೇಮ. ‘5 ಡಿಗ್ರಿ’ ಎಂದಿದ್ದರೆ ನಮ್ಮ ಪಾಲಿಗೆ ಅದು ಹತ್ತೋ ಹನ್ನೊಂದೋ. ಬೆಂಗಳೂರಿನಲ್ಲೇ 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದಿತ್ತು ಎಂಬುದು ನೆನಪಿರಲಿ. ಬಯಲಿನಲ್ಲಿ ಮಲಗುವವರು ಸ್ವಲ್ಪ ಹೆಚ್ಚಿಗೇ ಎಚ್ಚರ ವಹಿಸಬೇಕು.

ತುಂಬುವಸ್ತು ಎರಡು ಬಗೆ. ಬಾತುಕೋಳಿ, ಹೆಬ್ಬಾತುಗಳ ಮೃದುಗರಿ ಒಂದು. ಹಗುರ, ಬಲು ಬೆಚ್ಚಗೆ, ಆದರೆ ಒದ್ದೆಯಾದರೆ ಮುದ್ದೆ. ಇನ್ನೊಂದು ಪಾಲಿಯೆಸ್ಟರ್ ನಾರು. ಭಾರ ಹೆಚ್ಚು, ಬೆಲೆ ಕಡಿಮೆ, ನೀರು ತಾಗಿದರೂ ಅಷ್ಟಾಗಿ ಕೆಡುವುದಿಲ್ಲ, ಮನೆಯಲ್ಲೇ ಒಗೆಯಬಹುದು. ಗರಿಯ ಚೀಲದಲ್ಲಿ ಮಲಗಬಹುದೇ ಎಂದು ಭಾಭಿ ಕೇಳಿದರು. ಝಬಹ್ ಮಾಡಿದ ಹಲಾಲ್ ಪಕ್ಷಿಯ ಗರಿಯ ಬಗ್ಗೆ ಯಾರಿಗೂ ತಕರಾರಿಲ್ಲ. ಸತ್ತ ಪಕ್ಷಿಯ ಗರಿಯನ್ನು ಹನಫೀ ವಿದ್ವಾಂಸರು ಶುದ್ಧವೆನ್ನುತ್ತಾರೆ, ಶಾಫಿಈ ಮದ್ಹಬ್‌ನಲ್ಲಿ ಅಶುದ್ಧವೆಂಬ ಅಭಿಪ್ರಾಯವಿದೆ. ನಮ್ಮ ಕಡೆಯವರು ಹೆಚ್ಚಾಗಿ ಹನಫಿಗಳು, ಕರಾವಳಿಯ ಸಹೋದರಿಯರು ಹೆಚ್ಚಾಗಿ ಶಾಫಿಈಗಳು. ಯಾವ ಪಕ್ಷಿ, ಹೇಗೆ ಬಂತು ಎಂದು ಅಂಗಡಿಯಲ್ಲಿ ತಿಳಿಯುವುದು ಅಸಾಧ್ಯ. ಮಕ್ಕಳಿರುವ ಮನೆಗೆ ನಾರಿನ ಚೀಲವೇ ಎಲ್ಲ ರೀತಿಯಿಂದಲೂ ನಿರಾಳ. ರಾತ್ರಿ ಹಾಸಿಗೆ ಒದ್ದೆ ಮಾಡುವ ಮಗುವಿದ್ದರೆ ಎರಡು ಮಾತೇ ಇಲ್ಲ!

“ಇಷ್ಟು ಅಗಲ ಇದ್ದರೆ ಒಂದರಲ್ಲೇ ಇಬ್ಬರು ಹುಡುಗಿಯರನ್ನು ಮಲಗಿಸಬಹುದಲ್ಲ, ಖರ್ಚು ಉಳಿಯುತ್ತದೆ” ಎಂಬ ಸಲಹೆಯೂ ಬಂತು. ಒಬ್ಬಳಿಗೆ ಹನ್ನೊಂದು, ಇನ್ನೊಬ್ಬಳಿಗೆ ಹದಿಮೂರು. ಹತ್ತು ವರ್ಷವಾದ ಮಕ್ಕಳ ಹಾಸಿಗೆ ಬೇರೆ ಮಾಡಬೇಕೆಂದೂ, ಇಬ್ಬರು ಹೆಂಗಸರು ಒಂದೇ ಹೊದಿಕೆಯೊಳಗೆ ಮಲಗಬಾರದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಜೊತೆಗೆ ಇಬ್ಬರು ತುರುಕಿಕೊಂಡರೆ ಜಿಪ್ ಕಿತ್ತುಬರುವುದು ಖಂಡಿತ. ಎಳೆಮಗುವಿನ ತಾಯಿಯ ವಿಷಯ ಬೇರೆ. ಎಡ ಜಿಪ್ಪಿನದೊಂದು, ಬಲ ಜಿಪ್ಪಿನದೊಂದು ಒಂದೇ ಜಾತಿಯ ಚೀಲ ಕೊಂಡರೆ ಎರಡನ್ನೂ ಸೇರಿಸಿ ಜೋಡಿ ಹಾಸಿಗೆ ಮಾಡಬಹುದು. ದಂಪತಿಗಳಿಗೂ ಅದೇ ಅನುಕೂಲ.

ಜಿಪ್ಪನ್ನು ನಾನು ಅಂಗಡಿಯಲ್ಲೇ ಪರೀಕ್ಷಿಸಿದೆ. ಕಣ್ಣು ಮುಚ್ಚಿ, ಒಳಗೆ ಕೈಹಾಕಿ, ಒಂದೇ ಕೈಯಲ್ಲಿ ಮೇಲಿನಿಂದ ಕೆಳಗೆ ಎಳೆಯಬೇಕು. ಎಲ್ಲಿಯೂ ಕಚ್ಚಬಾರದು. ಜಿಪ್ಪಿನ ಪಕ್ಕದಲ್ಲಿ ಗಟ್ಟಿ ಪಟ್ಟಿ ಹೊಲಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುವುದು ಕಡಿಮೆ. ಕಾಲಿನ ಕಡೆಯಿಂದಲೂ ತೆರೆಯುವ ಎರಡು ಹಿಡಿಯ ಜಿಪ್ಪಾದರೆ ಇನ್ನೂ ಒಳ್ಳೆಯದು. ಹತ್ತನೆಯ ಚೀಲವನ್ನೂ ಹೀಗೆ ಎಳೆದಾಗ ಅಂಗಡಿಯ ಹುಡುಗ “ಮೇಡಂ, ನೀವು ತಗೊಳ್ತೀರಾ, ಪರೀಕ್ಷೆ ಮಾಡ್ತೀರಾ?” ಎಂದ. ಕೊನೆಗೆ ಸಿಕ್ಕಿತು. ಗಿಣಿಹಸಿರು ಬಣ್ಣ, ಆಯತಾಕಾರ, ಅಗಲ ಎರಡೂವರೆ ಅಡಿಗೂ ಮೇಲೆ. ಮನೆಗೆ ತಂದು ಆಪಾಳನ್ನು ಹಗಲಿನಲ್ಲೇ ಹಾಲಿನ ನಡುವೆ ಮಲಗಿಸಿದೆ. ಮೊದಲ ದಿನ ಜಿಪ್ ಹಾಕಲಿಲ್ಲ. ಎರಡನೆಯ ದಿನ ಮಂಡಿಯವರೆಗೆ. ವಾರ ಕಳೆಯುವಷ್ಟರಲ್ಲಿ ಸೊಂಟದವರೆಗೆ. ಅಲ್ಲಿಂದ ಮೇಲಕ್ಕೆ ಅವಳು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಈ ಚೀಲದ ಹುಟ್ಟಿನ ಬಗ್ಗೆ ಓದುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ವ್ಯಾಪಾರಕ್ಕೆ ಬಂದ ಮೊದಲ ಮಲಗುಚೀಲಗಳಲ್ಲೊಂದನ್ನು ತಯಾರಿಸಿದವನು ವೇಲ್ಸ್‌ನ ನ್ಯೂಟೌನ್ ಎಂಬ ಊರಿನ ಉಣ್ಣೆ ವ್ಯಾಪಾರಿ ಪ್ರೈಸ್ ಜೋನ್ಸ್. 1876ರಲ್ಲಿ ಅವನು ಪೇಟೆಂಟ್ ಪಡೆದ ಆ ಮಡಚುಕಂಬಳಿಗೆ ಗಾಳಿ ತುಂಬುವ ರಬ್ಬರ್ ದಿಂಬೂ ಇತ್ತು. ರಷ್ಯದ ಸೈನ್ಯ 60 ಸಾವಿರ ಚೀಲಗಳಿಗೆ ಬೇಡಿಕೆ ಇಟ್ಟಿತು, ಪ್ಲೆವ್ನಾದಲ್ಲಿ ಉಸ್ಮಾನ್ ಪಾಶಾರ ತುರ್ಕಿ ಸೈನ್ಯಕ್ಕೆ ಮುತ್ತಿಗೆ ಹಾಕಿದ್ದಾಗ. 1877ರ ಡಿಸೆಂಬರ್‌ನಲ್ಲಿ ಪ್ಲೆವ್ನಾ ಬಿದ್ದಿತು, ಉಳಿದ ಬೇಡಿಕೆ ರದ್ದಾಯಿತು. ನ್ಯೂಟೌನ್ ಇರುವುದು ಟಿಪ್ಪುವಿನ ಡೇರೆ ಸೇರಿದ ಆ ಪೊವಿಸ್ ಕೋಟೆಯಿಂದ ಹೆಚ್ಚು ದೂರದಲ್ಲಿಲ್ಲ. ನಮ್ಮ ಡೇರೆ, ಅವರ ಚೀಲ, ಎರಡೂ ಅಕ್ಕಪಕ್ಕದಲ್ಲಿ!

ಗೌಡರ ತೋಟ ಮುಟ್ಟಿದಾಗ ಅಸ್ರ್ ಆಗಿತ್ತು. ಡೇರೆಗಳನ್ನು ನಿಲ್ಲಿಸುವಾಗ ಗೌಡರ ತಾಯಿ ಕೋಲೂರಿಕೊಂಡು ಬಂದು ನೋಡಿದರು. ನೆಲದ ಮೇಲೆ ಬರೀ ಟಾರ್ಪಾಲು ಹಾಸಿದ್ದನ್ನು ಕಂಡು “ಅಯ್ಯೋ, ನೆಲ ಮೈಶಾಖ ಹೀರ್ಕಬುಡ್ತದೆ ಕಣವ್ವಾ, ಹುಲ್ಲು ಹಾಕ್ಸಿ” ಎಂದರು. ಎಷ್ಟು ದೊಡ್ಡ ಮಾತು! ಎಷ್ಟೇ ಬೆಲೆಯ ಚೀಲವಾದರೂ ಬೆನ್ನಿನ ಕೆಳಗಿನ ಭಾಗ ನಮ್ಮ ಭಾರಕ್ಕೆ ಅದುಮಿ ಚಪ್ಪಟೆಯಾಗುತ್ತದೆ, ಅಲ್ಲಿಂದ ಚಳಿ ಏರುತ್ತದೆ. ಅದಕ್ಕೆಂದೇ ಚಾಪೆ ಮಾರುತ್ತಾರೆ. ನಮಗೆ ಭತ್ತದ ಹುಲ್ಲು ಸಿಕ್ಕಿತು, ಮೊಳದೆತ್ತರ. ಅದರ ಮೇಲೆ ಟಾರ್ಪಾಲು, ಅದರ ಮೇಲೆ ಅಮ್ಮಿ ಹಟ ಮಾಡಿ ತಂದಿದ್ದ ಕರಿಕಂಬಳಿ.

ಕಂಬಳಿ ನೋಡಿ ಆ ಅಜ್ಜಿಯ ಮುಖ ಅರಳಿತು. ಇಬ್ಬರು ಮುದುಕಿಯರು ಮುಕ್ಕಾಲು ಗಂಟೆ ಕಂಬಳಿಯ ಬಗ್ಗೆಯೇ ಮಾತನಾಡಿದರು. ಕುರುಬರು ಕಿರಿದಾದ ಪಟ್ಟಿಗಳನ್ನು ನೇಯ್ದು ನಡುವೆ ಜೋಡಿಸಿ ಹೊಲಿಯುತ್ತಿದ್ದುದು, ಹುಣಸೆಬೀಜದ ಗಂಜಿ ಕುಡಿಸಿ ಬಿರುಸು ಮಾಡುತ್ತಿದ್ದುದು, ಅದರಿಂದಲೇ ಮಳೆಹನಿ ಒಳಗಿಳಿಯದೆ ಜಾರಿಹೋಗುತ್ತಿದ್ದುದು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ನಿಲ್ಲಿಸುವ ಕುರುಬರು ಇಂದಿಗೂ ಕೆ.ಆರ್. ಪೇಟೆ, ನಾಗಮಂಗಲದ ಬಯಲುಗಳಲ್ಲಿ ಡಿಸೆಂಬರ್ ರಾತ್ರಿಗಳನ್ನು ಇಂಥದೊಂದು ಕಂಬಳಿಯಲ್ಲೇ ಕಳೆಯುತ್ತಾರೆ. ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಮುದುಡಿ ಕೂತ ಕುರುಬನನ್ನು ನೋಡಿದರೆ ಅಂಗಡಿಯ ಮಮ್ಮಿ ಚೀಲ ಎಲ್ಲಿಂದ ಬಂತೆಂಬ ಸಂಶಯ ಯಾರಿಗೂ ಉಳಿಯದು. ಸೂರಃ ಅನ್ನಹ್ಲ್‌ನಲ್ಲಿ ಅಲ್ಲಾಹನು ಪ್ರಯಾಣದಲ್ಲಿ ಹಗುರವಾಗುವ ತೊಗಲ ಡೇರೆಗಳನ್ನೂ, ಪ್ರಾಣಿಗಳ ಉಣ್ಣೆ ರೋಮಗಳನ್ನೂ ತನ್ನ ಅನುಗ್ರಹಗಳಲ್ಲಿ ಸೇರಿಸಿದ್ದಾನೆ. ಮದ್ರಸದಲ್ಲಿ ಎಷ್ಟೋ ಬಾರಿ ಕಲಿಸಿದ್ದೆ. ಆ ಸಂಜೆ ಅದು ನನಗೆ ಬೇರೆಯಾಗಿಯೇ ಕೇಳಿಸಿತು.

ಇಶಾ ಮುಗಿಸಿ ಮುದ್ದೆ, ಹುರುಳಿಸಾರು ಉಂಡೆವು. ಚಳಿ ಏರುತ್ತಿದ್ದಂತೆ ಗೌಡರು ಪ್ರೀತಿಯಿಂದ ಒಂದು ಬಾಂಡಲಿಯಲ್ಲಿ ಕೆಂಡ ತಂದು “ಒಳಗಿಟ್ಕಳಿ, ಬೆಚ್ಚಗಿರ್ತದೆ” ಎಂದರು. ಭಾಯಿಜಾನ್ ಕೈ ಮುಗಿದು ಬೇಡವೆಂದರು. ಮುಚ್ಚಿದ ಡೇರೆಯಲ್ಲಿ ಕೆಂಡ ಇಟ್ಟರೆ ವಾಸನೆಯಿಲ್ಲದ ವಿಷಾನಿಲ, ಕಾರ್ಬನ್ ಮಾನಾಕ್ಸೈಡ್, ತುಂಬಿಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಮದೀನಾದಲ್ಲಿ ರಾತ್ರಿ ಮನೆಯೊಂದು ಉರಿದುಹೋದಾಗ, ಮಲಗುವ ಮುನ್ನ ಬೆಂಕಿ ನಂದಿಸಬೇಕೆಂದು ಪ್ರವಾದಿವರ್ಯರು(ಸ) ತಾಕೀತು ಮಾಡಿದ್ದರು. ಕೆಂಡವನ್ನು ಹೊರಗೇ ಇಟ್ಟುಕೊಂಡು ಸುತ್ತ ಕೂತೆವು. ಖಂದಕ್ ಯುದ್ಧದ ಆ ಕೊರೆಯುವ ರಾತ್ರಿ ಹ. ಹುದೈಫಾ(ರ) ಶತ್ರುಗಳ ಸುದ್ದಿ ತಿಳಿದು ಬಂದು ನಡುಗುತ್ತಿದ್ದಾಗ, ಪ್ರವಾದಿವರ್ಯರು(ಸ) ತಾವು ಹೊದ್ದಿದ್ದ ಹೊದಿಕೆಯ ಉಳಿದ ಭಾಗವನ್ನೇ ಅವರ ಮೇಲೆ ಹೊದಿಸಿದ್ದು, ಅವರು ಬೆಳಗಿನವರೆಗೂ ನಿದ್ರಿಸಿದ್ದು, ಈ ಪ್ರಸಂಗವನ್ನು ಮಕ್ಕಳಿಗೆ ಹೇಳಿದೆ. “ಅಷ್ಟು ದೊಡ್ಡ ಹೊದಿಕೆಯಾ?” ಎಂದ ಸಣ್ಣವನು. ಆಪಾ ಏನೂ ಹೇಳದೆ ಕೆಂಡ ನೋಡುತ್ತಿದ್ದಳು.

ಮಲಗುವ ಮುನ್ನ ಚೀಲಗಳನ್ನೆಲ್ಲ ಹೊರತಂದು ತಿರುವಿ ಕೊಡವಿಸಿದೆ. ಹಾಸಿಗೆ ಕೊಡವಿ ಮಲಗುವುದು ಸುನ್ನತ್. ಮನೆಯಲ್ಲಿ ರೂಢಿಗೆ ಮಾಡುತ್ತೇವೆ, ತೋಟದಲ್ಲಿ ಅದರ ಅರ್ಥ ತಿಳಿಯುತ್ತದೆ. ಭಾಭಿಯ ಚೀಲದಿಂದ ಒಂದು ಶತಪದಿ ಉದುರಿತು. ಆಮೇಲೆ ಆಕೆ ಇನ್ನೂ ಮೂರು ಸಲ ಕೊಡವಿದರು.

ಆಪಾ ನನ್ನ ಪಕ್ಕದಲ್ಲಿ, ಡೇರೆಯ ಬಾಗಿಲಿಗೆ ತಲೆಮಾಡಿ ಮಲಗಿದಳು. ಮುಖದ ಬಳಿ ಸೊಳ್ಳೆಪರದೆ ಮಾತ್ರ, ಹೊರಗಿನ ಬಟ್ಟೆ ಸುತ್ತಿ ಕಟ್ಟಿದ್ದೆವು. ಆಕಾಶ ಕಾಣುತ್ತಿತ್ತು. ಬೆಟ್ಟದ ಎರಡು ತಲೆಗಳೂ ಕಪ್ಪಗೆ ನಿಂತಿದ್ದವು. ಆಲೆಮನೆಯ ಕಡೆಯಿಂದ ಬೆಲ್ಲದ ಪಾಕದ ವಾಸನೆ. ಜಿಪ್ ಸೊಂಟದವರೆಗೆ ಬಂದು ನಿಂತಿತು. ನಾನು ಆಯತುಲ್ ಕುರ್ಸಿ ಓದಿ ಮುಗಿಸಿ ಕಣ್ಣು ಮುಚ್ಚಿದೆನೇ ಹೊರತು ನಿದ್ರೆ ಮಾಡಲಿಲ್ಲ. ಅವಳ ಉಸಿರನ್ನೇ ಕೇಳುತ್ತಿದ್ದೆ. ಒಂದು ಗಂಟೆಯ ಹೊತ್ತಿಗೆ ಎದ್ದು ಕುಳಿತಳು. ನನ್ನ ಎದೆ ಧಸಕ್ಕೆಂದಿತು. ಶಾಲು ಎಳೆದುಕೊಂಡಳು, ನೀರು ಕುಡಿದಳು, ಮತ್ತೆ ಒರಗಿದಳು. ಕತ್ತಲಲ್ಲಿ ಜಿಪ್ಪಿನ ಸದ್ದು ಕೇಳಿಸಿತು. ಕೆಳಕ್ಕಲ್ಲ, ಮೇಲಕ್ಕೆ. ನಿಧಾನವಾಗಿ, ನಿಂತು ನಿಂತು, ಎದೆಯವರೆಗೆ. “ಚಳಿ ಕಣೇ” ಎಂದಳು, ನಾನು ಎಚ್ಚರವಾಗಿದ್ದೇನೆಂದು ಗೊತ್ತಿದ್ದವಳಂತೆ. ಸ್ವಲ್ಪ ಹೊತ್ತಿಗೆ ಅವಳ ಗೊರಕೆ ಶುರುವಾಯಿತು. ಅಂಥ ಗೊರಕೆಗೆ ಅಲ್‌ಹಮ್ದುಲಿಲ್ಲಾಹ್ ಎಂದವಳು ನಾನೊಬ್ಬಳೇ ಇರಬೇಕು.

ಫಜ್ರ್‌ಗೆ ಎದ್ದಾಗ ಡೇರೆಯ ಮೇಲೆಲ್ಲ ಇಬ್ಬನಿ. ಟ್ಯಾಂಕಿನ ನೀರಿಗೆ ಬೆರಳಿಟ್ಟ ಮಕ್ಕಳು “ತಯಮ್ಮುಮ್ ಮಾಡೋಣ” ಎಂದು ಗೋಗರೆದರು. ನೀರು ಕಾಯಿಸುವ ದಾರಿಯಿರುವಾಗ ಬರಿಯ ಸೋಮಾರಿತನಕ್ಕೆ ತಯಮ್ಮುಮ್ ಇಲ್ಲ ಎಂದೆ. ಆಲೆಮನೆಯ ಒಲೆಯ ಬಳಿ ಹಂಡೆ ತುಂಬ ಬಿಸಿನೀರಿತ್ತು. ರಾತ್ರಿಯಿಡೀ ಗಾಣದ ಬಳಿ ಕೆಲಸ ಮಾಡಿದ್ದ ಆಳುಗಳು ಬಕೆಟ್ಟುಗಳನ್ನು ತುಂಬಿ ತೆಂಗಿನ ಮರದ ಬಳಿ ಇಟ್ಟು, ಹೆಂಗಸರಿದ್ದಾರೆಂದು ಅತ್ತ ಮುಖ ಮಾಡಿ ಹೋದರು. ಹೊಗೆಯ, ಬೆಲ್ಲದ ವಾಸನೆಯ ನೀರಿನಲ್ಲಿ ವುಝೂ ಮಾಡಿ, ಹುಲ್ಲಿನ ಮೇಲೆ ಚಾಪೆ ಹಾಸಿ ನಮಾಝ್ ಮಾಡಿದೆವು.

ಬಿಸಿಲೇರಿದ ಮೇಲೆ ಬೆಟ್ಟ ಹತ್ತಿದೆವು. ಅಮ್ಮಿ ಅರ್ಧಕ್ಕೇ ಕುಳಿತರು. ಮೇಲಿನಿಂದ ತೊಣ್ಣೂರು ಕೆರೆ ಮಂಜಿನ ನಡುವೆ ಬೆಳ್ಳಗೆ ಕಾಣಿಸಿತು. ಇಳಿದು ಬಂದು ಚೀಲಗಳನ್ನು ಮಡಚುವಾಗ ಆಪಾಳದು ಮಾತ್ರ ತನ್ನ ಕವಚದೊಳಗೆ ಹೋಗಲೇ ಇಲ್ಲ. ಅಗಲದ ಚೀಲಕ್ಕೆ ಇದೊಂದು ಕಷ್ಟ ಇದ್ದದ್ದೇ. ಮೊಣಕಾಲಿಟ್ಟು ಅದುಮುತ್ತ ಅವಳು ಕೇಳಿದಳು, “ಜನವರಿಯಲ್ಲಿ ಮಕ್ಕಳಿಗೆ ಸಂಕ್ರಾಂತಿ ರಜೆ ಯಾವಾಗ?”

ಗೌಡರ ತಾಯಿ ಚೀಲವನ್ನು ಮುಟ್ಟಿ, ತಿರುವಿ, ಜಿಪ್ ಎಳೆದು ನೋಡಿ, “ನಂಗೂ ಒಂದು ತಂದ್ಕೊಡಿ ಮೇಡಮ್ನೋರೆ, ಇಷ್ಟೇ ಅಗಲದ್ದು” ಎಂದರು. ಅವರ ಅಳತೆ ಬರೆದುಕೊಂಡು ಬಂದಿದ್ದೇನೆ.